4. ಕುದುರೆ ಜಿ5 ಬಂದಾಗ ಕಪ್ಪು ಏನು ಆಡಬೇಕು?

ಕಪ್ಪುಕಾಯಿ:
ಎಲ್ಲರಿಗೂ ನಮಸ್ಕಾರ. ಬಿಳಿ ಇ4 ಆಡಿದರೆ ನಾನು ಯಾವಾಗಲೂ ಇ5 ಆಡುತ್ತೇನೆ. ಆನ್‌ಲೈನ್ ಚದುರಂಗದ ಆಟಗಳಲ್ಲಿ ಈಗ ಒಂದೇ ಸ್ಥಿತಿ ಮತ್ತೆ ಮತ್ತೆ ಎದುರಾಗುತ್ತಿದೆ (ಅಕ್ಷರ, ಅಂಕೆ ಸೇರಿದರೆ ಮನೆಯ ಹೆಸರು; ಕಾಯಿಯ ಹೆಸರಿಲ್ಲದಿದ್ದರೆ ಕಾಲಾಳಿನ ನಡೆ).

1. ಇ4 ಇ5 2. ಕುದುರೆ ಎಫ್3 ಕುದುರೆ ಸಿ6 3. ಒಂಟೆ ಸಿ4 ಕುದುರೆ ಎಫ್6 4. ಕುದುರೆ ಜಿ5

ಓಪನಿಂಗ್‌ನಲ್ಲಿ ಅಂದರೆ ಆಟದ ಮೊದಲ ಕೆಲವು ನಡೆಗಳಲ್ಲಿ, ಒಂದೇ ಕಾಯಿಯನ್ನು ಎರಡೆರಡು ಸಲ ನಡೆಸಬೇಡಿ ಅಂತ ನಮಗೆಲ್ಲ ಮೊದಲೇ ಹೇಳಿಕೊಡುತ್ತಾರೆ. ಬಿಳಿ ಅದನ್ನೇ ಮಾಡುತ್ತದೆ, ಆದರೂ ಒದ್ದಾಡುವುದು ಕಪ್ಪು. ಎಫ್7 ಮನೆಗೆ ರಾಜನನ್ನು ಬಿಟ್ಟರೆ ಬೇರೆ ಕಾವಲಿಲ್ಲ, ಅದರ ಮೇಲೆ ಕುದುರೆ, ಒಂಟೆ ಎರಡೂ ಕಣ್ಣಿಟ್ಟಿರುತ್ತವೆ.

4... ಡಿ5 ಆಡಬೇಕು ಅಂತ ಗೊತ್ತು. ಬಿಳಿ 5. ಇ×ಡಿ5 ಹೊಡೆದ ಮೇಲೆ ದಾರಿ ಒಂದಲ್ಲ, ನಾಲ್ಕು: ಕುದುರೆ×ಡಿ5, ಕುದುರೆ ಎ5, ಕುದುರೆ ಡಿ4, ಬಿ5. ಇದು ಸಾಲದು ಅಂತ ಡಿ5 ಬಿಟ್ಟು ನಾಲ್ಕನೇ ನಡೆಗೇ ಒಂಟೆ ಸಿ5 ಆಡುವವರೂ ಇದ್ದಾರೆ. ಹತ್ತು ನಿಮಿಷದ ಆಟ ಆಡುವ ಮಾಮೂಲಿ ಆಟಗಾರ ಯಾವುದನ್ನು ಕಲಿಯಬೇಕು? ಬರೀ ನಡೆಗಳ ಪಟ್ಟಿ ಬೇಡ, ಕಾರಣ ಬೇಕು. ಕಾರಣ ಗೊತ್ತಿದ್ದರೆ ಬಿಳಿ ದಾರಿ ಬಿಟ್ಟು ಆಡಿದಾಗಲೂ ತಲೆ ಓಡಿಸಬಹುದು ಅಲ್ವಾ?

ನಾನು × ಬರೆದರೆ ಹೊಡೆತ, + ಬರೆದರೆ ಚೆಕ್ (ರಾಜನ ಮೇಲೆ ದಾಳಿ), ಅಂಕೆಯ ಮುಂದೆ ... ಬರೆದರೆ ಕಪ್ಪಿನ ನಡೆ, ! ಬರೆದರೆ ಒಳ್ಳೆ ನಡೆ ಅಂತ ತಿಳಿಯಿರಿ.

ಡಿ5 ಪಕ್ಷ:
ಒಳ್ಳೆ ಪ್ರಶ್ನೆ. ನಾಲ್ಕನೇ ನಡೆಯಿಂದಲೇ ಶುರು ಮಾಡೋಣ. ಡಿ5 ಯಾಕೆ ಅಂತ ಗೊತ್ತಾಗದೆ ಮುಂದಿನದು ಗೊತ್ತಾಗುವುದಿಲ್ಲ.

ಜಿ5ಕ್ಕೆ ಕುದುರೆ ಬಂದ ತಕ್ಷಣ ಕೈ ತಾನಾಗಿ ಎಚ್6 ಕಡೆ ಹೋಗುತ್ತದೆ. ಕುದುರೆಯನ್ನು ಓಡಿಸಬೇಕು ಅನ್ನಿಸುವುದು ಸಹಜ. ಆದರೆ 4... ಎಚ್6 ಆಡಿದರೆ 5. ಕುದುರೆ×ಎಫ್7. ಅಲ್ಲಿಂದ ಕುದುರೆ ಡಿ8 ರಾಣಿಗೂ ಎಚ್8 ಆನೆಗೂ ಒಟ್ಟಿಗೆ ಗುರಿ ಇಡುತ್ತದೆ. ರಾಜ ಅದನ್ನು ಹೊಡೆಯುವಂತಿಲ್ಲ, ಹಿಂದೆ ಸಿ4 ಒಂಟೆ ಕಾಯುತ್ತಿದೆ. 4... ರಾಣಿ ಇ7 ಆಡಿ ಎಫ್7ಕ್ಕೆ ಇನ್ನೊಂದು ಕಾವಲು ಹಾಕಿದೆ ಅಂದುಕೊಂಡರೂ ಅಷ್ಟೇ. 5. ಒಂಟೆ×ಎಫ್7+ ಬಂದಾಗ ರಾಣಿಯಿಂದ ಹೊಡೆದರೆ ರಾಣಿ ಹೋಗುತ್ತದೆ. ರಾಜ ಡಿ8ಕ್ಕೆ ಸರಿಯಬೇಕು. ಒಂದು ಕಾಲಾಳೂ ಹೋಯಿತು, ಕ್ಯಾಸಲಿಂಗೂ (ರಾಜ, ಆನೆ ಎರಡನ್ನೂ ಒಂದೇ ನಡೆಗೆ ಸರಿಸಿ ರಾಜನನ್ನು ಭದ್ರ ಮಾಡುವುದು) ಹೋಯಿತು.

ಅಂದರೆ ಎಫ್7ನ್ನು ಕಾಯುವ ನಡೆ ಅಲ್ಲಿ ಇಲ್ಲ. ಇರುವುದು ಒಂಟೆಯ ದಾರಿಗೆ ಅಡ್ಡ ನಿಲ್ಲುವ ನಡೆ, ಅದೇ ಡಿ5. ಸಿ4ರಿಂದ ಎಫ್7ಕ್ಕೆ ಹೋಗುವ ಓರೆ ದಾರಿ ಮುಚ್ಚುತ್ತದೆ, ಅದೇ ಹೊತ್ತಿಗೆ ಸಿ8 ಒಂಟೆಗೆ ಬಾಗಿಲು ತೆರೆಯುತ್ತದೆ. ನಾನು ಇದನ್ನು ಹೀಗೆ ನೋಡುತ್ತೇನೆ: ಜಿ5 ಕುದುರೆ ಒಂಟಿಯಾಗಿ ಏನೂ ಮಾಡಲಾರದು. ಅದಕ್ಕೆ ಬಲ ಕೊಡುವ ಕಾಯಿ ಯಾವುದು ಅಂತ ಹುಡುಕಿ ಅದರ ಮೇಲೆ ಕೈ ಇಡಬೇಕು.

ಇನ್ನೊಂದು ಮಾತು. ಡಿ5 ಆದ ಮೇಲೆ ಕೆಲವರು 5. ಒಂಟೆ×ಡಿ5 ಹೊಡೆಯುತ್ತಾರೆ. 5... ಕುದುರೆ×ಡಿ5 6. ಇ×ಡಿ5 ರಾಣಿ×ಜಿ5! ಎಫ್6 ಕುದುರೆ ಸರಿದಿದ್ದರಿಂದ ಡಿ8 ರಾಣಿಗೆ ಜಿ5 ತನಕ ದಾರಿ ಬಿಟ್ಟುಹೋಯಿತು. 7. ಡಿ×ಸಿ6 ರಾಣಿ×ಜಿ2. ಕಾಯಿ ಲೆಕ್ಕ ಸಮ, ಆದರೆ ಎಚ್1 ಆನೆ ಎಫ್1ಕ್ಕೆ ಓಡಬೇಕು, ಆ ಬದಿ ಕ್ಯಾಸಲಿಂಗ್ ಮುಗಿಯಿತು, ಕಪ್ಪಿನ ಹತ್ತಿರ ಎರಡೂ ಒಂಟೆ ಉಳಿದಿವೆ. ಇಲ್ಲಿಂದ ಕಪ್ಪು ಆಡಲು ಬಹಳ ಚೆಂದ.

ಹಳೇ ಆಟಗಳ ಓದುಗ:
5... ಕುದುರೆ×ಡಿ5 ಬಗ್ಗೆ ನಾನು ಹೇಳುತ್ತೇನೆ. ನೋಡಲು ಅತಿ ಸಹಜವಾದ ನಡೆ ಇದೇ, ಕಳಕೊಂಡ ಕಾಲಾಳು ವಾಪಸ್ ಬರುತ್ತದೆ. ಆಗ ಬರುವುದೇ ಫ್ರೈಡ್ ಲಿವರ್ ಅನ್ನುವ ದಾಳಿ.

6. ಕುದುರೆ×ಎಫ್7 ರಾಜ×ಎಫ್7 7. ರಾಣಿ ಎಫ್3+

ಈ ಜಾಗದಲ್ಲಿ ಒಂದು ಕ್ಷಣ ನಿಂತು ಹಲಗೆ ನೋಡಿ. ಚೆಕ್ ಒಂದು ಕಡೆ. ಡಿ5 ಕುದುರೆಗೆ ರಾಣಿ, ಒಂಟೆ ಎರಡೂ ಗುರಿ ಇಟ್ಟಿರುವುದು ಇನ್ನೊಂದು ಕಡೆ. ರಾಜ ಇ8ಕ್ಕೆ ಹಿಂದೆ ಹೋದರೆ 8. ಒಂಟೆ×ಡಿ5, ಕಾಯಿ ವಾಪಸ್ ಬಂತು, ಮುಂದಿನ ನಡೆಗೆ ಎಫ್7ರಲ್ಲಿ ಮೇಟ್ (ರಾಜ ತಪ್ಪಿಸಿಕೊಳ್ಳಲಾಗದ ಚೆಕ್, ಆಟ ಮುಗಿದಂತೆ) ಬೆದರಿಕೆ ಬೇರೆ. ಹಾಗಾಗಿ ಕುದುರೆ ಉಳಿಯಬೇಕಾದರೆ 7... ರಾಜ ಇ6 ಒಂದೇ ದಾರಿ. 8. ಕುದುರೆ ಸಿ3, ಮೂರನೇ ಕಾಯಿಯೂ ಡಿ5 ಮೇಲೆ ಬಂತು. ಕಪ್ಪು 8... ಕುದುರೆ ಬಿ4 ಆಡಿ ಹಿಡಿದುಕೊಳ್ಳುತ್ತದೆ. ರಾಜ ಹಲಗೆಯ ನಡುವೆ ನಿಂತಿದ್ದಾನೆ, ಆಟ ಇನ್ನೂ ಎಂಟನೇ ನಡೆ.

ಎಂಜಿನ್ (ನಡೆಗಳನ್ನು ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಂ) ಹಚ್ಚಿದರೆ ಕಪ್ಪು ತಕ್ಷಣ ಸಾಯುವುದಿಲ್ಲ, ಸರಿಯಾದ ನಡೆ ಸಿಕ್ಕರೆ ಒದ್ದಾಡಿಕೊಂಡು ಹೋಗಬಹುದು. ಆದರೆ ಬಿಳಿಗೆ ಆಡಲು ಸಲೀಸು, ಕಪ್ಪಿಗೆ ಪ್ರತಿ ನಡೆಯೂ ಪರೀಕ್ಷೆ. ಗಡಿಯಾರ ಓಡುತ್ತಿರುವಾಗ ಇಂಥ ಆಟವನ್ನು ತಾನಾಗಿ ಯಾಕೆ ಕರೆದುಕೊಳ್ಳಬೇಕು? ಈ ದಾಳಿಯನ್ನು ಇಟಲಿಯ ಪೊಲೇರಿಯೊ 1610ರ ಸುಮಾರಿಗೆ ರೋಮ್‌ನಲ್ಲಿ ಆಡಿದ ಆಟ ಉಳಿದುಬಂದಿದೆ. ನಾನೂರು ವರ್ಷದಿಂದ ಜನ ಇದೇ ಹಳ್ಳಕ್ಕೆ ಬೀಳುತ್ತಿದ್ದಾರೆ.

ಬಿಳಿ ಆರನೇ ನಡೆಗೆ ಕುದುರೆಯನ್ನು ಬಲಿ ಕೊಡದೆ 6. ಡಿ4 ಕೂಡ ಆಡಬಹುದು, ಇದಕ್ಕೆ ಲೊಲ್ಲಿ ದಾಳಿ ಅಂತ ಹೆಸರು. ಇದೇ ಇನ್ನೂ ಬಲವಾದದ್ದು ಅನ್ನುವವರು ಬಹಳ. ಎರಡೂ ಕಾರಣದಿಂದ ನನ್ನ ಸಲಹೆ: ಡಿ5ರಲ್ಲಿ ಕುದುರೆಯಿಂದ ಹೊಡೆಯಲೇಬೇಡಿ.

ಟ್ರಾಕ್ಸ್ಲರ್ ಪ್ರೇಮಿ:
ಡಿ5 ಒಂದೇ ದಾರಿ ಅನ್ನುವ ಮಾತು ನನಗೆ ಒಪ್ಪಿಗೆ ಇಲ್ಲ. 4... ಒಂಟೆ ಸಿ5 ಆಡಿ. ಎಫ್7 ಬೇಕಾದರೆ ತಗೋ, ನಾನು ಎಫ್2ಕ್ಕೆ ಬರುತ್ತೇನೆ ಅಂತ ಹೇಳುವ ನಡೆ ಇದು.

5. ಕುದುರೆ×ಎಫ್7 ಒಂಟೆ×ಎಫ್2+! 6. ರಾಜ ಎಫ್1 ರಾಣಿ ಇ7 7. ಕುದುರೆ×ಎಚ್8 ಡಿ5. ಬಿಳಿ ಆನೆ ತಿಂದಿದೆ, ಆದರೆ ಅದರ ಕುದುರೆ ಮೂಲೆಯಲ್ಲಿ ಸಿಕ್ಕಿಬಿದ್ದಿದೆ, ರಾಜ ಬಯಲಿಗೆ ಬಿದ್ದಿದ್ದಾನೆ, ಕಪ್ಪಿನ ಕಾಯಿಗಳೆಲ್ಲ ಹೊರಗೆ ಬರುತ್ತಿವೆ. 6. ರಾಜ×ಎಫ್2 ಹೊಡೆದರೆ ಕುದುರೆ×ಇ4+ ಬಂದು ಇನ್ನೂ ಬಿರುಸಾಗುತ್ತದೆ. ಜೆಕ್ ಪಾದ್ರಿ ಕಾರೆಲ್ ಟ್ರಾಕ್ಸ್ಲರ್ 1890ರಲ್ಲಿ ಇದನ್ನು ಆಡಿ ಗೆದ್ದರು, ಅವರ ಹೆಸರೇ ಉಳಿಯಿತು. ಅಮೆರಿಕದಲ್ಲಿ ಇದನ್ನೇ ವಿಲ್ಕ್ಸ್-ಬ್ಯಾರಿ ಅನ್ನುತ್ತಾರೆ.

ಹತ್ತು ನಿಮಿಷದ ಆಟದಲ್ಲಿ ಎದುರಾಳಿಗೆ ಇದು ಗೊತ್ತಿರುವುದಿಲ್ಲ. ಜಿ5ಕ್ಕೆ ಬಂದವನು ದಾಳಿ ಮಾಡಬೇಕು ಅಂತ ಬಂದಿರುತ್ತಾನೆ, ತಾನೇ ಕಾಯಬೇಕಾಗಿ ಬಂದರೆ ಅವನಿಗೆ ದಿಕ್ಕು ತೋಚದು. ಈ ಆಟದಷ್ಟು ಖುಷಿ ನನಗೆ ಬೇರೆ ಯಾವ ಓಪನಿಂಗೂ ಕೊಟ್ಟಿಲ್ಲ.

ಡಿ5 ಪಕ್ಷ:
ಟ್ರಾಕ್ಸ್ಲರ್ ಚೆಂದ, ಅದರಲ್ಲಿ ಎರಡು ಮಾತಿಲ್ಲ. ಆದರೆ ನೀವು ಕುದುರೆಯಿಂದ ಹೊಡೆಯುವ ದಾರಿ ಮಾತ್ರ ತೋರಿಸಿದಿರಿ. ಬಿಳಿ 5. ಒಂಟೆ×ಎಫ್7+ ಹೊಡೆದರೆ? 5... ರಾಜ ಇ7 6. ಒಂಟೆ ಬಿ3. ಬಿಳಿ ಒಂದು ಕಾಲಾಳು ಎತ್ತಿಕೊಂಡು ಸುಮ್ಮನೆ ಹಿಂದೆ ಹೋಯಿತು. ಕಪ್ಪಿಗೆ ಕ್ಯಾಸಲಿಂಗ್ ಇಲ್ಲ, ಬಲಿದಾನದ ಬಿರುಗಾಳಿಯೂ ಇಲ್ಲ. ಪ್ರಶ್ನೆ ಕೇಳಿದವರು ಒಂದೇ ದಾರಿ ಕಲಿಯಬೇಕು ಅಂದಿದ್ದಾರೆ. ಮೊದಲ ಆಯ್ಕೆಯಾಗಿ ಇದನ್ನು ನಾನು ಹೇಳಲಾರೆ.

ಟ್ರಾಕ್ಸ್ಲರ್ ಪ್ರೇಮಿ:
6. ಒಂಟೆ ಬಿ3 ಬಂದರೂ ಆನೆ ಎಫ್8ಕ್ಕೆ ಬರುತ್ತದೆ, ಎಫ್ ಸಾಲು ತೆರೆದಿದೆ, ಆಡಲು ಇನ್ನೂ ಬೇಕಾದಷ್ಟಿದೆ. ಆದರೆ ಕಾಲಾಳು ಕಮ್ಮಿ ಅನ್ನುವುದು ನಿಜ, ಒಪ್ಪುತ್ತೇನೆ. ದಾಳಿ ಇಷ್ಟಪಡುವವರು ಎರಡನೇ ಅಸ್ತ್ರವಾಗಿ ಇಟ್ಟುಕೊಳ್ಳಲಿ.

ತರಬೇತುದಾರೆ:
ನಾನು ಹೊಸಬರಿಗೆ ಕಲಿಸುತ್ತೇನೆ. ನನ್ನ ಉತ್ತರ 5... ಕುದುರೆ ಎ5. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಯಾಕೆಂದರೆ ಈ ದಾರಿಯಲ್ಲಿ ಕಲಿಯುವುದು ಬಹಳ ಇದೆ, ಬರೀ ಈ ಓಪನಿಂಗ್‌ಗೆ ಮಾತ್ರ ಅಲ್ಲ.

ಕುದುರೆಯನ್ನು ಅಂಚಿಗೆ ಹಾಕಬಾರದು ಅಂತ ನಾವೇ ಹೇಳಿಕೊಡುತ್ತೇವೆ. ಇಲ್ಲಿ ಅಂಚಿಗೆ ಹೋಗುವುದು ಒಂದೇ ಕಾರಣಕ್ಕೆ: ಸಿ4 ಒಂಟೆಯನ್ನು ಕೇಳುವುದಕ್ಕೆ, ಅಂದರೆ ಅದರ ಮೇಲೆ ಗುರಿ ಇಟ್ಟು ಜಾಗ ಬಿಡಿಸುವುದಕ್ಕೆ. ಎಫ್7 ಮೇಲಿನ ದಾಳಿಯ ಬೇರು ಆ ಒಂಟೆ. ಅದನ್ನು ಎಬ್ಬಿಸಿದರೆ ಜಿ5 ಕುದುರೆ ಒಂಟಿಯಾಗುತ್ತದೆ.

6. ಒಂಟೆ ಬಿ5+ ಸಿ6 7. ಡಿ×ಸಿ6 ಬಿ×ಸಿ6 8. ಒಂಟೆ ಇ2 ಎಚ್6 9. ಕುದುರೆ ಎಫ್3 ಇ4 10. ಕುದುರೆ ಇ5 ಒಂಟೆ ಡಿ6

ಎಂಟನೇ ನಡೆ ನೋಡಿ. ನಾಲ್ಕನೇ ನಡೆಗೆ ಸೋಲಿಸುತ್ತಿದ್ದ ಎಚ್6 ಇಲ್ಲಿ ಅತ್ಯುತ್ತಮ ನಡೆ! ಕಾಲಾಳು ಅದೇ, ಮನೆ ಅದೇ. ಬದಲಾಗಿದ್ದು ಒಂದೇ: ಒಂಟೆ ಈಗ ಎಫ್7 ನೋಡುತ್ತಿಲ್ಲ. ಎಚ್6 ಕೆಟ್ಟದ್ದು ಅಂತ ಬಾಯಿಪಾಠ ಮಾಡಿದವರು ಇಲ್ಲಿ ಸಿಕ್ಕಿಬೀಳುತ್ತಾರೆ. ಯಾಕೆ ಕೆಟ್ಟದ್ದು ಅಂತ ತಿಳಿದವರಿಗೆ ಯಾವಾಗ ಒಳ್ಳೆಯದು ಅಂತಲೂ ತಿಳಿಯುತ್ತದೆ.

ಈಗ ಬಿಳಿ ಹತ್ತು ನಡೆ ಎಲ್ಲಿ ಖರ್ಚು ಮಾಡಿತು ಅಂತ ಎಣಿಸಿ. ಇ ಕಾಲಾಳು ಮೂರು ಸಲ ನಡೆಯಿತು. ಒಂಟೆ ಮೂರು ಸಲ: ಸಿ4, ಬಿ5, ಇ2. ಕುದುರೆ ನಾಲ್ಕು ಸಲ: ಎಫ್3, ಜಿ5, ಮತ್ತೆ ಎಫ್3, ಆಮೇಲೆ ಇ5. ಹತ್ತೂ ನಡೆ ಮೂರೇ ಕಾಯಿಗಳಿಗೆ ಹೋಯಿತು. ರಾಣಿ, ಎರಡು ಆನೆ, ಬಿ1 ಕುದುರೆ, ಸಿ1 ಒಂಟೆ, ಯಾವುದೂ ಜಾಗ ಬಿಟ್ಟು ಅಲುಗಿಲ್ಲ. ಕಪ್ಪು ಒಂದು ಕಾಲಾಳು ಕಮ್ಮಿ ಇದೆ, ಆದರೆ ಎರಡು ಕುದುರೆ, ಒಂದು ಒಂಟೆ ಹೊರಗಿವೆ, ಇ4 ಕಾಲಾಳು ಬಿಳಿಯ ಎದೆ ಮೇಲೆ ಕೂತಿದೆ, ಮುಂದಿನ ನಡೆಗೆ ಕ್ಯಾಸಲಿಂಗ್ ರೆಡಿ.

ಮುಂದೆ ಬಿಳಿ ಹೆಚ್ಚಾಗಿ ಎರಡರಲ್ಲಿ ಒಂದು ಮಾಡುತ್ತದೆ. 11. ಡಿ4 ಬಂದರೆ ಇ×ಡಿ3 12. ಕುದುರೆ×ಡಿ3 ರಾಣಿ ಸಿ7. ರಾಣಿ, ಒಂಟೆ ಒಂದೇ ಓರೆ ಸಾಲಿನಲ್ಲಿ ಎಚ್2 ಕಡೆ ನೋಡುತ್ತವೆ, ಬಿಳಿಗೆ ನಿಶ್ಚಿಂತೆಯಿಂದ ಕ್ಯಾಸಲಿಂಗ್ ಮಾಡಲು ಆಗುವುದಿಲ್ಲ. 11. ಎಫ್4 ಬಂದರೆ ಇ×ಎಫ್3 12. ಕುದುರೆ×ಎಫ್3 ಮತ್ತು ಕಪ್ಪು ಕ್ಯಾಸಲಿಂಗ್. ಬಿಳಿ ರಾಜನ ಮುಂದಿನ ಗೋಡೆಯಲ್ಲಿ ಒಂದು ಕಲ್ಲು ಹೋಗಿದೆ. ಎರಡು ಸಲವೂ ಎದುರಿನ ಕಾಲಾಳು ಎರಡು ಮನೆ ಹಾರಿದಾಗ ಪಕ್ಕದಿಂದ ಹೊಡೆಯುವ ಆಂ ಪಾಸ್ಸಾಂ ಅನ್ನುವ ಹೊಡೆತ, ಮುಂದಿನ ನಡೆಗೇ ಹೊಡೆಯಬೇಕು, ಮರೆತರೆ ಹಕ್ಕು ಹೋಗುತ್ತದೆ.

ಎ5 ಕುದುರೆ ಅಲ್ಲೇ ಕೊಳೆಯುವುದಿಲ್ಲವಾ ಅಂತ ಶಿಷ್ಯರು ಕೇಳುತ್ತಾರೆ. ಬಿ4 ತಳ್ಳಿ ಅದನ್ನು ಓಡಿಸಲು ಬಿಳಿಗೆ ಸದ್ಯಕ್ಕೆ ಆಗದು, ಡಿ6 ಒಂಟೆ ಆ ಮನೆ ನೋಡುತ್ತಿದೆ. ಪುರುಸೊತ್ತಾದಾಗ ಬಿ7ಕ್ಕೆ ಬಂದು ಸಿ5 ಕಡೆಯಿಂದ ಆಟಕ್ಕೆ ಸೇರುತ್ತದೆ. ಇದನ್ನು ಮಾತ್ರ ಮರೆಯಬೇಡಿ. ನಾನು ನೋಡಿದ ಮಟ್ಟಿಗೆ ಈ ದಾರಿಯಲ್ಲಿ ಕಪ್ಪು ಸೋಲುವುದು ಹೆಚ್ಚಾಗಿ ಎ5 ಕುದುರೆಯನ್ನು ಮರೆತು ಇನ್ನೊಂದು ಬದಿಯಲ್ಲಿ ಕಾಯಿ ಕಮ್ಮಿ ಇಟ್ಟುಕೊಂಡು ದಾಳಿ ಮಾಡಲು ಹೋದಾಗ.

ಹಳೇ ಆಟಗಳ ಓದುಗ:
ಮೇಡಂ ಬರೆದಿದ್ದು ಪೂರ್ತಿ ಸರಿ. ನಾನು ಒಂದೆರಡು ಮಾತು ಸೇರಿಸುತ್ತೇನೆ.

ಒಂಬತ್ತನೇ ನಡೆಗೆ ಬಿಳಿ ಕುದುರೆಯನ್ನು ಎಫ್3 ಬದಲು ಎಚ್3ಕ್ಕೂ ತರಬಹುದು. ನೋಡಲು ವಿಚಿತ್ರ, ಆದರೆ ಆಡಿದವರು ಸಾಮಾನ್ಯರಲ್ಲ. ಆಗಿನ ವಿಶ್ವ ಚಾಂಪಿಯನ್ ಸ್ಟೈನಿಟ್ಸ್ 1890-91ರಲ್ಲಿ ಚಿಗೋರಿನ್ ಜೊತೆ ತಂತಿ ಮೂಲಕ ಆಡಿದಾಗ ಇದನ್ನೇ ಆಡಿದರು, ಗೆದ್ದಿದ್ದು ಕಪ್ಪು ಹಿಡಿದ ಚಿಗೋರಿನ್. ಎಪ್ಪತ್ತು ವರ್ಷ ಯಾರೂ ಅಷ್ಟಾಗಿ ಮುಟ್ಟದಿದ್ದ ಆ ನಡೆಯನ್ನು 1963ರಲ್ಲಿ ಬಾಬಿ ಫಿಶರ್ ಎತ್ತಿಕೊಂಡು ಬಿಸ್ಗಯರ್ ಅವರನ್ನು ಸೋಲಿಸಿದರು. ಎಚ್3 ಕುದುರೆಯನ್ನು ಕಂಡ ತಕ್ಷಣ ಸಿ8 ಒಂಟೆಯಿಂದ ಹೊಡೆದು ಬಿಳಿಯ ಕಾಲಾಳು ಸಾಲು ಕೆಡಿಸಬೇಕು ಅನ್ನಿಸುತ್ತದೆ. ಅವಸರ ಬೇಡ. ಆ ಒಂಟೆ ಕೊಟ್ಟರೆ ಬಿಳಿಗೆ ಎರಡೂ ಒಂಟೆ ಉಳಿಯುತ್ತವೆ, ಸಿ6ರಲ್ಲಿ ನಿಮ್ಮ ಕಾಲಾಳೂ ಬಡಕಲು. ಮೊದಲು ಒಂಟೆ ಹೊರಗೆ, ರಾಜ ಒಳಗೆ, ಆಮೇಲೆ ಯೋಚನೆ.

ಆರನೇ ನಡೆಗೆ ಬಿಳಿ ಚೆಕ್ ಕೊಡದೆ 6. ಡಿ3 ಕೂಡ ಆಡಬಹುದು. ಇದು ಮಾರ್ಫಿ ಹೆಸರಿನ ದಾರಿ. 6... ಎಚ್6 7. ಕುದುರೆ ಎಫ್3 ಇ4! 8. ರಾಣಿ ಇ2 ಕುದುರೆ×ಸಿ4 9. ಡಿ×ಸಿ4 ಒಂಟೆ ಸಿ5. ಬಿಳಿಯ ಆ ಒಂಟೆ ಹೋಯಿತು, ಎಫ್3 ಕುದುರೆಗೆ ನಿಲ್ಲಲು ಜಾಗವಿಲ್ಲ, ಕಪ್ಪು ಆರಾಮ. 1956ರ ಮಾಸ್ಕೋ ಒಲಿಂಪಿಯಾಡ್‌ನಲ್ಲಿ ಬ್ರಾನ್‌ಸ್ಟೈನ್ ಎಂಟನೇ ನಡೆಗೆ ಡಿ×ಇ4 ಹೊಡೆದು ಒಂಟೆಯನ್ನೇ ಬಿಟ್ಟುಕೊಟ್ಟು ರೋಯನ್ ವಿರುದ್ಧ ಗೆದ್ದರು, ಅದು ಬ್ರಾನ್‌ಸ್ಟೈನ್ ಕೈಚಳಕ.

ಇನ್ನು ಟಾರಾಶ್ ಅಂಥ ದೊಡ್ಡ ಗುರು ಕುದುರೆ ಜಿ5ನ್ನು ಕೆಲಸಕ್ಕೆ ಬಾರದವರ ನಡೆ ಅಂತ ತಳ್ಳಿಹಾಕಿದ್ದರು. ಆ ಮಾತು ನಂಬಿ ಮೈಮರೆಯಬೇಡಿ. ಕಾಲಾಳು ಎತ್ತಿಕೊಂಡು ಆಮೇಲೆ ನಿಧಾನಕ್ಕೆ ಕಾಯಿಗಳನ್ನು ಸರಿಪಡಿಸಿಕೊಳ್ಳುವ ಬಿಳಿ ಆಟಗಾರ ಸಿಕ್ಕರೆ ಕಪ್ಪು ನಿಜವಾಗಿ ದುಡಿಯಬೇಕು.

ಶಾಂತ ಆಟಗಾರ:
ಎಲ್ಲ ಓದಿದೆ. ಕಪ್ಪು ಹಿಡಿದು ನಾಲ್ಕನೇ ನಡೆಗೇ ಕಾಲಾಳು ಕೊಟ್ಟು ಕುದುರೆಯನ್ನು ಅಂಚಿಗೆ ಹಾಕಬೇಕೆಂದರೆ ನನಗೆ ಮನಸ್ಸು ಬರುವುದಿಲ್ಲ. ಮೂರನೇ ನಡೆಗೇ ಕುದುರೆ ಎಫ್6 ಬದಲು ಒಂಟೆ ಸಿ5 ಆಡಿಬಿಟ್ಟರೆ ಈ ತಲೆನೋವೇ ಇಲ್ಲವಲ್ಲ?

3... ಒಂಟೆ ಸಿ5 4. ಕುದುರೆ ಜಿ5 ರಾಣಿ×ಜಿ5. ಮುಗಿಯಿತು, ಕುದುರೆ ಪುಕ್ಕಟೆ. ಎಫ್6ರಲ್ಲಿ ಕುದುರೆ ಇಲ್ಲದಿದ್ದರೆ ಜಿ5 ಮನೆ ರಾಣಿಯ ಕೈಯಲ್ಲಿರುತ್ತದೆ. 3... ಒಂಟೆ ಇ7 ಹಂಗೇರಿಯನ್ ರಕ್ಷಣೆಯೂ ಹಾಗೇ, ಅಲ್ಲಿ ಜಿ5ನ್ನು ಒಂಟೆ ಕಾಯುತ್ತದೆ. ಸ್ವಲ್ಪ ಇಕ್ಕಟ್ಟು, ಆದರೆ ಗಟ್ಟಿ.

ಕಪ್ಪುಕಾಯಿ:
ಒಂಟೆ ಸಿ5 ಆದ ಮೇಲೆ ನಾನು ಕುದುರೆ ಎಫ್6 ಆಡಲೇಬೇಕಲ್ಲ? ಆಗ ಬಿಳಿ ಮತ್ತೆ ಜಿ5ಕ್ಕೆ ಬಂದರೆ? ಒಂದು ನಡೆ ತಡವಾಗಿ ಅದೇ ಕಥೆ ಶುರುವಾಗುವುದಿಲ್ಲವೇ?

ಶಾಂತ ಆಟಗಾರ:
ಆ ಒಂದು ನಡೆಯಲ್ಲೇ ಎಲ್ಲ ಇದೆ. 4. ಡಿ3 ಕುದುರೆ ಎಫ್6 5. ಕುದುರೆ ಜಿ5 ಬಂದರೆ ಕ್ಯಾಸಲಿಂಗ್ ಮಾಡಿ. ಈಗ ಎಫ್7ಕ್ಕೆ ರಾಜನ ಜೊತೆ ಆನೆಯೂ ಕಾವಲು. ಬಿಳಿ ಎರಡು ಕಾಯಿ ತಂದಿದೆ, ನಿಮ್ಮಲ್ಲೂ ಎರಡು ಇವೆ.

6. ಕುದುರೆ×ಎಫ್7 ಆನೆ×ಎಫ್7 7. ಒಂಟೆ×ಎಫ್7+ ರಾಜ×ಎಫ್7

ಹೊಸಬರು ಇಲ್ಲಿ ಕೂಡಿ ನೋಡುತ್ತಾರೆ. ಬಿಳಿಗೆ ಆನೆ, ಕಾಲಾಳು ಸಿಕ್ಕಿತು, ಐದು ಮತ್ತೆ ಒಂದು, ಆರು. ಕಪ್ಪಿಗೆ ಕುದುರೆ, ಒಂಟೆ, ಮೂರು ಮತ್ತೆ ಮೂರು, ಆರು. ಸಮ ಅನ್ನುತ್ತದೆ ಲೆಕ್ಕ, ಹಲಗೆ ಹಾಗೆ ಹೇಳುವುದಿಲ್ಲ. ಬಿಳಿ ಹೊರಗೆ ತಂದಿದ್ದು ಎರಡೇ ಕಾಯಿ, ಎರಡನ್ನೂ ಕೊಟ್ಟುಬಿಟ್ಟಿದೆ. ಸಿಕ್ಕ ಲಾಭ ಆನೆಗಳ ಬಲ, ಆ ಆನೆಗಳು ಇನ್ನೂ ಮೂಲೆಯಲ್ಲಿ ನಿದ್ದೆ ಮಾಡುತ್ತಿವೆ. ಕಪ್ಪಿನ ಮೂರು ಕಾಯಿ ಆಟದಲ್ಲಿವೆ. ರಾಜ ಜಿ8ಕ್ಕೆ ವಾಪಸ್ ಹೋಗಲು ಒಂದು ನಡೆ ಸಾಕು. ಆಟದ ಮಧ್ಯದಲ್ಲಿ ಎರಡು ಸಣ್ಣ ಕಾಯಿ ಒಂದು ಆನೆ, ಒಂದು ಕಾಲಾಳಿಗಿಂತ ಜಾಸ್ತಿ ಕೆಲಸ ಮಾಡುತ್ತವೆ. ಬಿಳಿ ಹೀಗೆ ಹೊಡೆದರೆ ಸಂತೋಷ ಪಡಿ.

ತರಬೇತುದಾರೆ:
ಒಂಟೆ ಸಿ5 ಒಳ್ಳೆ ಆಯ್ಕೆ, ನಾನೂ ಮೊದಲು ಅದನ್ನೇ ಕಲಿಸುತ್ತೇನೆ. ಒಂದು ಎಚ್ಚರಿಕೆ ಮಾತ್ರ: ಅಲ್ಲಿ 4. ಬಿ4 ಇವಾನ್ಸ್ ಗ್ಯಾಂಬಿಟ್ (ಕಾಲಾಳು ಬಲಿ ಕೊಟ್ಟು ಮುನ್ನುಗ್ಗುವ ಓಪನಿಂಗ್) ಬರಬಹುದು, ಸಿ3-ಡಿ4 ತಳ್ಳಾಟ ಬರಬಹುದು. ಒಂದು ಪಾಠ ತಪ್ಪಿಸಿಕೊಂಡರೆ ಇನ್ನೊಂದು ಪಾಠ ಓದಬೇಕು. 3... ಎಚ್6 ಆಡಿ ಜಿ5 ಮನೆ ಮುಚ್ಚುತ್ತೇನೆ ಅನ್ನುವವರಿಗೂ ಇದೇ ಮಾತು. ಸೋಲುವ ನಡೆಯೇನಲ್ಲ, ಆದರೆ ಬಿಳಿ 4. ಡಿ4 ಆಡಿ ನಡುವನ್ನು ತೆರೆದರೆ ನೀವು ಖರ್ಚು ಮಾಡಿದ ನಡೆಗೆ ಪ್ರತಿಫಲ ಇರುವುದಿಲ್ಲ.

ಅಂಚೆ ಚದುರಂಗ:
ಯಾರೂ 5... ಕುದುರೆ ಡಿ4 ಮತ್ತು 5... ಬಿ5 ಬಗ್ಗೆ ಬರೆದಿಲ್ಲ. ಮೊದಲನೆಯದು ಜರ್ಮನಿಯ ಅಲೆಕ್ಸಾಂಡರ್ ಫ್ರಿಟ್ಸ್ ಹೆಸರಿನದು, ಎರಡನೆಯದು ಅಮೆರಿಕದ ಓಲಾಫ್ ಉಲ್ವೆಸ್ಟಡ್ ಹೆಸರಿನದು. ಎರಡು ಹೆಸರಾದರೂ ಬಹಳ ಸಲ ಒಂದೇ ಸ್ಥಿತಿಗೆ ಬಂದು ಸೇರುತ್ತವೆ.

5... ಬಿ5 ಬಂದಾಗ ಬಿಳಿಯ ಸರಿ ಉತ್ತರ 6. ಒಂಟೆ ಎಫ್1. ಒಂಟೆ ಹುಟ್ಟಿದ ಮನೆಗೇ ವಾಪಸ್! 6. ಒಂಟೆ×ಬಿ5 ಹೊಡೆದರೆ ರಾಣಿ×ಡಿ5 ಬಂದು ಬಿ5 ಒಂಟೆಗೂ ಜಿ2 ಕಾಲಾಳಿಗೂ ಒಟ್ಟಿಗೆ ಗುರಿ ಇಡುತ್ತದೆ. ಎಫ್1ರಲ್ಲಿದ್ದರೆ ಜಿ2 ಭದ್ರ. ಹತ್ತು ನಿಮಿಷದ ಆಟದಲ್ಲಿ ಎಷ್ಟು ಜನಕ್ಕೆ ಈ ಹಿಂದಿನ ನಡೆ ಹೊಳೆಯುತ್ತದೆ ಹೇಳಿ? ಬಿ5ರ ಬೆಲೆ ಇರುವುದು ಅಲ್ಲೇ.

ಅಂಚೆ ಮೂಲಕ ಆಡಿದ ಆಟಗಳಲ್ಲಿ ಈ ದಾರಿಗೆ ದೊಡ್ಡ ಹೆಸರು ತಂದಿದ್ದು ಎಸ್ಟ್ರಿನ್ ಮತ್ತು ಬರ್ಲಿನರ್ ಆಟ, 1965ರಿಂದ 68ರ ತನಕ ನಡೆದದ್ದು. ಎಸ್ಟ್ರಿನ್ ಈ ಓಪನಿಂಗ್‌ನಲ್ಲಿ ಪಂಡಿತರು. ಅವರ ಎದುರು ಬರ್ಲಿನರ್ ಕಪ್ಪು ಹಿಡಿದು ಇದೇ ಓಪನಿಂಗ್ ಆಡಿದರು: 5... ಬಿ5 6. ಒಂಟೆ ಎಫ್1 ಕುದುರೆ ಡಿ4 7. ಸಿ3 ಕುದುರೆ×ಡಿ5 8. ಕುದುರೆ ಇ4 ರಾಣಿ ಎಚ್4 9. ಕುದುರೆ ಜಿ3 ಒಂಟೆ ಜಿ4 10. ಎಫ್3 ಇ4! ಡಿ4 ಕುದುರೆ, ಜಿ4 ಒಂಟೆ ಎರಡೂ ಹೊಡೆತಕ್ಕೆ ಸಿಕ್ಕಿರುವಾಗ ಕಾಲಾಳು ಮುಂದೆ ತಳ್ಳಿದ್ದು. ಗೆದ್ದಿದ್ದು ಬರ್ಲಿನರ್, ಆ ಸಲದ ಅಂಚೆ ವಿಶ್ವ ಚಾಂಪಿಯನ್ ಕೂಡ ಅವರೇ. ಕಂಪ್ಯೂಟರ್ ಸಹಾಯ ಇಲ್ಲದ ಕಾಲದಲ್ಲಿ ಮನುಷ್ಯರ ತಲೆ ಇಷ್ಟು ದೂರ ಹೋಗಿತ್ತು ಅಂತ ನೆನೆದರೆ ನನಗೆ ಈಗಲೂ ಮೈ ಜುಂ ಅನ್ನುತ್ತದೆ.

ಕಲಿಯಲು ಶುರು ಮಾಡುವವರಿಗೆ ನಾನೂ ಕುದುರೆ ಎ5 ಅಂತಲೇ ಹೇಳುತ್ತೇನೆ. ಆದರೆ ಈ ಆಟವನ್ನು ಹಲಗೆ ಮೇಲೆ ಒಮ್ಮೆ ನಡೆಸಿ ನೋಡಿ.

ಕಾರೊ ಹುಡುಗಿ:
ನಾನು ಇ4ಕ್ಕೆ ಸಿ6 ಆಡುವವಳು, ಆ ಓಪನಿಂಗ್ ಹೆಸರು ಕಾರೊ-ಕಾನ್. ಬೆಂಬಲ ಕೊಡುವ ಕಾಯಿಯನ್ನು ಹುಡುಕಬೇಕು ಅಂತ ಮೇಲೆ ಬರೆದಿದ್ದಾರಲ್ಲ, ಅದು ಕಾರೊ-ಕಾನ್‌ಗೂ ಸರಿ ಹೊಂದುತ್ತದೆ.

1. ಇ4 ಸಿ6 2. ಡಿ4 ಡಿ5 3. ಕುದುರೆ ಸಿ3 ಡಿ×ಇ4 4. ಕುದುರೆ×ಇ4 ಕುದುರೆ ಡಿ7 5. ರಾಣಿ ಇ2. ಈ ರಾಣಿ ಯಾಕೆ ಬಂತು ಅಂತ ಕೇಳದೆ 5... ಜಿ8 ಕುದುರೆ ಎಫ್6 ಆಡಿದರೆ 6. ಕುದುರೆ ಡಿ6 ಮೇಟ್! ಇ7 ಕಾಲಾಳು ಕುದುರೆಯನ್ನು ಹೊಡೆಯುವಂತಿಲ್ಲ, ಇ2 ರಾಣಿ ಅದನ್ನು ಪಿನ್ ಮಾಡಿದೆ, ಅಂದರೆ ಅದು ಸರಿದರೆ ರಾಜನಿಗೇ ಚೆಕ್. ರಾಜನ ಸುತ್ತ ಅವನದೇ ಕಾಯಿಗಳು. 5... ಇ6 ಆಡಿದರೆ ಸಾಕು, ಎಫ್8 ಒಂಟೆಯ ಕಣ್ಣು ಡಿ6 ಮೇಲೆ ಬೀಳುತ್ತದೆ, ಬೆದರಿಕೆ ಮುಗಿಯಿತು.

ಐದನೇ ನಡೆಗೆ ಇಲ್ಲೂ 5. ಕುದುರೆ ಜಿ5 ಬರುತ್ತದೆ. 1997ರ ಮೇ 11ರಂದು ಡೀಪ್ ಬ್ಲೂ ಕಂಪ್ಯೂಟರ್ ಕಾಸ್ಪರೋವ್ ವಿರುದ್ಧ ಆಡಿದ್ದು ಇದನ್ನೇ. 5... ಜಿ8 ಕುದುರೆ ಎಫ್6 6. ಒಂಟೆ ಡಿ3 ಇ6 7. ಜಿ1 ಕುದುರೆ ಎಫ್3 ಎಚ್6 8. ಕುದುರೆ×ಇ6! ಎಫ್ ಕಾಲಾಳಿನಿಂದ ತಕ್ಷಣ ಹೊಡೆದರೆ ಡಿ3 ಒಂಟೆ ಜಿ6ಕ್ಕೆ ಬಂದು ಚೆಕ್ ಕೊಡುತ್ತದೆ. ಹತ್ತೊಂಬತ್ತು ನಡೆಗೆ ವಿಶ್ವ ಚಾಂಪಿಯನ್ ಸೋಲೊಪ್ಪಿಕೊಂಡರು. ಮತ್ತದೇ ಎಚ್6, ಬೆಂಬಲದ ಒಂಟೆ ಇನ್ನೂ ಜಾಗದಲ್ಲಿರುವಾಗ ಆಡಿದ ಎಚ್6. ಅಲ್ಲಿ ಏಳನೇ ನಡೆಗೆ ಒಂಟೆ ಡಿ6 ಸರಿಯಾದದ್ದು.

ಡಿ5 ಪಕ್ಷ:
ಬಹಳ ಒಳ್ಳೆ ಉದಾಹರಣೆ. ಇನ್ನೊಂದು ಓಪನಿಂಗ್ ಆದ ಪೆಟ್ರೋವ್‌ನಲ್ಲೂ ಇದೇ ಇದೆ: 1. ಇ4 ಇ5 2. ಕುದುರೆ ಎಫ್3 ಕುದುರೆ ಎಫ್6 3. ಕುದುರೆ×ಇ5 ಆದಾಗ ಕಪ್ಪು ಅವಸರದಿಂದ ಕುದುರೆ×ಇ4 ಹೊಡೆದರೆ 4. ರಾಣಿ ಇ2. ಕುದುರೆ ಎಫ್6ಕ್ಕೆ ಹಿಂದೆ ಹೋದರೆ 5. ಕುದುರೆ ಸಿ6+ ಬಂದು ಡಿ8 ರಾಣಿ ಹೋಯಿತು. ಮೊದಲು 3... ಡಿ6 ಆಡಿ ಕುದುರೆಯನ್ನು ಎಬ್ಬಿಸಿ ಆಮೇಲೆ ಇ4 ಹೊಡೆಯಬೇಕು. ಅಲ್ಲೂ 4. ಕುದುರೆ×ಎಫ್7 ಅಂತ ಕಾಕ್ರನ್ ಬಲಿದಾನ ಇದೆ. 1999ರಲ್ಲಿ ಲಿನಾರೆಸ್‌ನಲ್ಲಿ ಟೊಪಾಲೊವ್ ಅದನ್ನು ಕ್ರಾಮ್ನಿಕ್ ಮೇಲೆ ಆಡಿದರು, ಆಟ ಡ್ರಾ ಆಯಿತು.

ಡಿ4 ಆಟಗಾರರ ಎದುರೂ ನೋಡಿ. 1. ಡಿ4 ಡಿ5 2. ಕುದುರೆ ಸಿ3 ಕುದುರೆ ಎಫ್6 3. ಒಂಟೆ ಎಫ್4 ಇ6 4. ಕುದುರೆ ಬಿ5. ಇಲ್ಲಿ ಗುರಿ ಸಿ7, ಬೆಂಬಲ ಎಫ್4 ಒಂಟೆ. 4... ಕುದುರೆ ಎ6 ಆಡಿ ಸಿ7 ಕಾಯಿರಿ, ಆಮೇಲೆ ಸಿ6 ತಳ್ಳಿ ಬಿ5 ಕುದುರೆಯನ್ನು ಎಬ್ಬಿಸಿ.

ಕಪ್ಪುಕಾಯಿ:
ಎಲ್ಲರಿಗೂ ತುಂಬಾ ಧನ್ಯವಾದ. ಕುದುರೆ ಎ5 ಕಲಿಯುತ್ತೇನೆ. ಇನ್ನೊಂದೇ ಪ್ರಶ್ನೆ. 7... ಬಿ×ಸಿ6 ಆದ ಮೇಲೆ ಬಿಳಿ ಒಂಟೆಯನ್ನು ಇ2ಕ್ಕೆ ತರದೆ 8. ರಾಣಿ ಎಫ್3 ಅಥವಾ 8. ಒಂಟೆ ಡಿ3 ಆಡಿದರೆ ಎಚ್6 ಆಗಲೂ ಸರಿಯೇ?

ತರಬೇತುದಾರೆ:
ಎರಡಕ್ಕೂ ಬೇರೆ ಉತ್ತರ ಇಟ್ಟುಕೊಳ್ಳಿ.

8. ರಾಣಿ ಎಫ್3 ಬಂದಾಗ ಬಿ5 ಒಂಟೆ ಪುಕ್ಕಟೆ ಸಿಕ್ಕ ಹಾಗೆ ಕಾಣುತ್ತದೆ. ಸಿ6 ಕಾಲಾಳಿನಿಂದ ಹೊಡೆದರೆ ರಾಣಿ ನೇರ ಎ8 ಆನೆಯನ್ನು ಎತ್ತಿಕೊಳ್ಳುತ್ತದೆ. ಅದಕ್ಕೆ 8... ಆನೆ ಬಿ8. ಆನೆ ದಾರಿಯಿಂದ ಸರಿಯಿತು, ಒಂಟೆಯ ಮೇಲೆ ಗುರಿಯೂ ಬಂತು. 9. ಒಂಟೆ×ಸಿ6+ ಕುದುರೆ×ಸಿ6 10. ರಾಣಿ×ಸಿ6+ ಕುದುರೆ ಡಿ7. ಚೆಕ್ ತಡೆದ ಕುದುರೆ ಡಿ8 ರಾಣಿಗೆ ದಾರಿಯನ್ನೂ ಬಿಟ್ಟಿತು, ಈಗ ಜಿ5 ಕುದುರೆ ಹೊಡೆತದಲ್ಲಿದೆ. ಕಪ್ಪು ಎರಡು ಕಾಲಾಳು ಕಮ್ಮಿ, ಆದರೆ ಎರಡೂ ಒಂಟೆ ಇವೆ, ಬಿಳಿಯ ರಾಣಿ ಒಬ್ಬಳೇ ಅಲೆಯುತ್ತಿದ್ದಾಳೆ. ಇಲ್ಲಿ ರಾಣಿಗಳನ್ನು ಬದಲಾಯಿಸಿಕೊಳ್ಳಬೇಡಿ.

8. ಒಂಟೆ ಡಿ3 ಈಗ ದೊಡ್ಡ ಆಟಗಾರರೂ ಆಡುವ ನಡೆ. ತಮ್ಮದೇ ಡಿ ಕಾಲಾಳಿಗೆ ಅಡ್ಡ ನಿಂತರೂ ಅವರಿಗೆ ಬೇಕಾಗಿರುವುದು ಇ4 ಮನೆ. ನೀವು ಎಚ್6 ಆಡಿದರೆ ಕುದುರೆ ಇ4ಕ್ಕೆ ಬಂದು ಆರಾಮಾಗಿ ಕೂರುತ್ತದೆ. ಅದಕ್ಕೆ 8... ಕುದುರೆ ಡಿ5. ರಾಣಿಯ ದಾರಿ ತೆರೆದು ಜಿ5 ಕುದುರೆ ಮೇಲೆ ಗುರಿ. 9. ಕುದುರೆ ಇ4 ಬಂದರೆ ಎಫ್5! 10. ಕುದುರೆ ಜಿ3 ಕುದುರೆ ಎಫ್4. 9. ಕುದುರೆ ಎಫ್3 ಬಂದರೆ 9... ಒಂಟೆ ಡಿ6 ಆಡಿ ಇ5 ಕಾಲಾಳು ಕಾಯಿರಿ, ಬಿಳಿ ಕ್ಯಾಸಲಿಂಗ್ ಮಾಡಿದ ಮೇಲೆ ಕುದುರೆ ಎಫ್4ಕ್ಕೆ ಹಾರಿ ಡಿ3 ಒಂಟೆಯನ್ನು ಕೇಳಲಿ.

ಮೊದಲು ಇ2 ದಾರಿಯ ಹನ್ನೆರಡನೇ ನಡೆ, ರಾಣಿ ಸಿ7 ಆದ ಸ್ಥಿತಿಯನ್ನು ಹಲಗೆ ಮೇಲೆ ಜೋಡಿಸಿ, ಗೆಳೆಯರೊಬ್ಬರ ಜೊತೆ ಅಲ್ಲಿಂದಲೇ ಶುರು ಮಾಡಿ. ಒಮ್ಮೆ ಕಪ್ಪು ಹಿಡಿಯಿರಿ, ಒಮ್ಮೆ ಬಿಳಿ. ಬಿಳಿ ಹಿಡಿದಾಗ ಕ್ಯಾಸಲಿಂಗ್ ಯಾವ ಬದಿಗೆ, ಯಾವಾಗ ಅಂತ ತೋಚದೆ ಕೂತಾಗ ಆ ಕಾಲಾಳು ಎಲ್ಲಿಗೆ ಹೋಯಿತು ಅಂತ ಗೊತ್ತಾಗುತ್ತದೆ. ಆಡಿದ ಆಟ ಇಲ್ಲಿ ಹಾಕಿ, ಒಟ್ಟಿಗೆ ನೋಡೋಣ.